ಜಾತ್ರೆ ಇಲ್ಲದ ದಿನ ಅತ್ತೂರಿಗೆ ಹೋದರೆ ಒಳಗೆ ಎಂತೆಲ್ಲ ನೋಡ್ಲಿಕ್ಕುಂಟು?

ಹಳೇ ಕಂಡಕ್ಟರ್

ಎಲ್ಲರಿಗೂ ನಮಸ್ಕಾರ. ನಾನು ಹೆಬ್ರಿ–ಕಾರ್ಕಳ ಲೈನಿನಲ್ಲಿ ಸರ್ವಿಸ್ ಬಸ್ಸಿನ ಕಂಡಕ್ಟರ್ ಆಗಿದ್ದವನು. 1988ರಿಂದ 2014ರವರೆಗೆ, 26 ವರ್ಷ. ಜನವರಿ ಕೊನೆಗೆ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯ (ಚರ್ಚಿನ) ಜಾತ್ರೆ ಬಂತು ಅಂದರೆ ಬೆಳಗ್ಗಿನ ಒಂದು ಟ್ರಿಪ್ ಹೆಬ್ರಿಯಿಂದ ತಂದ ಮೇಲೆ ನಮ್ಮ ಬಸ್ಸನ್ನು ಲೈನಿನಿಂದ ತೆಗೆದು ಕಾರ್ಕಳ ಸ್ಟ್ಯಾಂಡಿನಿಂದ ಅತ್ತೂರಿಗೆ ಸ್ಪೆಷಲ್ ಬಿಡುತ್ತಿದ್ದರು. ರಾತ್ರಿ ಹನ್ನೊಂದರವರೆಗೂ ಅದೇ ಕೆಲಸ. "ಅತ್ತೂರು ಅತ್ತೂರು ಅತ್ತೂರು" ಅಂತ ಕೂಗಿ ಕೂಗಿ ಕೊನೆಯ ದಿನಕ್ಕೆ ಗಂಟಲೇ ಇರುತ್ತಿರಲಿಲ್ಲ. ಎಷ್ಟು ಸಾವಿರ ಜನರನ್ನು ಅಲ್ಲಿ ಇಳಿಸಿದ್ದೇನೋ. ಆದರೆ ನಾನು ಒಂದು ಸಲವೂ ಇಗರ್ಜಿಯ ಒಳಗೆ ಕಾಲಿಟ್ಟವನಲ್ಲ. ಗಾಡಿ ತಿರುಗಿಸಬೇಕು, ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಹಿಡಿದಿರುತ್ತಾನೆ, ವಾಪಸ್ ಹೋಗುವವರು ಆಗಲೇ ಬಾಗಿಲಿಗೆ ಜೋತು ಬಿದ್ದಿರುತ್ತಾರೆ. ಲೈಟಿಂಗ್ ಮಾಡಿದ್ದು ದೂರದಿಂದ ಕಾಣುತ್ತಿತ್ತು, ಅಷ್ಟೇ.

ಇನ್ನೊಂದು ಸಂಗತಿ ಹೇಳಬೇಕು. ಜಾತ್ರೆಗೆ ಬರಲಿಕ್ಕೆ ಆಗದವರು ದಾರಿಯಲ್ಲಿ ಬಸ್ಸು ನಿಲ್ಲಿಸಿ ಮೇಣದಬತ್ತಿ ಕೊಡುತ್ತಿದ್ದರು. "ಕಂಡಕ್ಟ್ರೇ, ಇದೊಂದು ಅಲ್ಲಿ ಮುಟ್ಟಿಸಿ ಬಿಡಿ" ಅಂತ. ಹೆಚ್ಚಿನವರು ಹಿಂದೂಗಳು, ಮನೆಯಲ್ಲಿ ಕಾಯಿಲೆ ಇದ್ದವರು, ದನ ಕಳೆದುಕೊಂಡವರು, ಮಕ್ಕಳಾಗದವರು. ನಾನು ಅದನ್ನು ಟಿಕೆಟ್ ಚೀಲದಲ್ಲಿ ಸಿಕ್ಕಿಸಿಕೊಂಡು ಹೋಗಿ ಅಲ್ಲಿ ಇಳಿಯುವ ಯಾರಾದರೂ ಹೆಂಗಸರ ಕೈಗೆ ಕೊಡುತ್ತಿದ್ದೆ. ಒಂದು ವರ್ಷ, 2009 ಇರಬೇಕು, ಮುನಿಯಾಲು ಸ್ಟಾಪಿನಲ್ಲಿ ಯಾವಾಗಲೂ ಹತ್ತುತ್ತಿದ್ದ ಒಬ್ಬರು ಅಮ್ಮ ಮಗನ ಕಾಲಿನ ಹರಕೆಗೆ ಮೊಣಕೈ ಉದ್ದದ ಎರಡು ಮೇಣದಬತ್ತಿ ಪೇಪರಿನಲ್ಲಿ ಸುತ್ತಿ ಕೊಟ್ಟರು. ಉದ್ದ ಆಯಿತು ಅಂತ ಚೀಲಕ್ಕೆ ಹಾಕಲಿಲ್ಲ, ಡ್ರೈವರ್ ಪಕ್ಕ ಇಂಜಿನ್ ಬಾನೆಟ್ ಹಿಂದೆ ಇಟ್ಟೆ. ರಶ್ಶಿನಲ್ಲಿ ಮರೆತೇ ಹೋಯಿತು. ರಾತ್ರಿ ಗಾಡಿ ಗುಡಿಸುವಾಗ ನೋಡಿದರೆ ಎರಡೂ ಕರಗಿ ಪೇಪರಿಗೆ ಅಂಟಿ ಬೆರಣಿಯ ಹಾಗೆ ಆಗಿತ್ತು. ಆ ಅಮ್ಮ ಮತ್ತೆ ಬಸ್ಸಿಗೆ ಬಂದಾಗ "ಮುಟ್ಟಿಸಿದ್ರಾ" ಅಂತ ಕೇಳಿದರು. "ಹೂಂ" ಅಂದುಬಿಟ್ಟೆ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಈಗ ರಿಟೈರ್ಡ್. ಮಂಡಿ ನೋವು, ಜಾತ್ರೆಯ ರಶ್ಶಿನಲ್ಲಿ ಆಗುವುದಿಲ್ಲ. ಒಂದು ಸಾದಾ ದಿನ ಹೋಗಿ ಒಂದೊಂದು ಮೂಲೆಯನ್ನೂ ಸರಿಯಾಗಿ ನೋಡಿ ಬರಬೇಕು ಅಂತ ಆಸೆ. ನಮ್ಮಂಥವರು ಒಳಗೆ ಹೋಗಬಹುದಾ? ಚಪ್ಪಲಿ ಎಲ್ಲಿ ಬಿಡುವುದು? ಜನ ಇಲ್ಲದಾಗ ಅಲ್ಲಿ ಎಂತ ನೋಡ್ಲಿಕ್ಕುಂಟು? ಮತ್ತೆ, ಇಷ್ಟು ವರ್ಷ ಜನ ಕೊಟ್ಟ ಆ ಮೇಣದಬತ್ತಿಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ? ಗೊತ್ತಿದ್ದವರು ಹೇಳಿ.

ನಿಟ್ಟೆ ರೋಡ್

ಕಂಡಕ್ಟರಣ್ಣ, ಧಾರಾಳ ಹೋಗಿ. ಯಾರೂ ಯಾವ ಜಾತಿ ಅಂತ ಕೇಳುವುದಿಲ್ಲ. ಕಾರ್ಕಳ ಪೇಟೆಯಿಂದ ನಾಲ್ಕೈದು ಕಿ.ಮೀ., ನಿಮಗೆ ನಾನು ದಾರಿ ಹೇಳುವುದೆಂತ! ಮಂಡಿ ನೋವು ಅಂದಿರಿ, ಹಾಗಾಗಿ ಸ್ಟ್ಯಾಂಡಿನಿಂದ ರಿಕ್ಷಾ ಮಾಡಿಕೊಳ್ಳಿ. ವಾರದ ನಡುವಿನ ದಿನ, ಬೆಳಗ್ಗೆ ಪೂಜೆ ಮುಗಿದ ಮೇಲೆ ಅಥವಾ ಮಧ್ಯಾಹ್ನ ಮೂರರ ಹೊತ್ತಿಗೆ ಹೋದರೆ ಶಾಂತ ಇರುತ್ತದೆ. ಭಾನುವಾರ ಬೇಡ.

ಬೆಳ್ಮಣ್ಣಿನ ಬಾಯಿ

ನಿಮ್ಮ ಬರಹ ಓದಿ ಕಣ್ಣು ತುಂಬಿ ಬಂತು ಅಣ್ಣ. ನಾನು ಕ್ರಿಶ್ಚನ್, ತೌರುಮನೆ ಕಾರ್ಕಳದ ಕಡೆ. ಸಣ್ಣವಳಿದ್ದಾಗ ಜಾತ್ರೆಗೆ ನಿಮ್ಮಂಥವರ ಬಸ್ಸಿನಲ್ಲೇ ನೇತಾಡಿಕೊಂಡು ಹೋದದ್ದು. ತಿಳಿದಷ್ಟು ಹೇಳುತ್ತೇನೆ.

ಚಪ್ಪಲಿ ವಿಷಯ: ನಾವು ಹಾಕಿಕೊಂಡೇ ಒಳಗೆ ಹೋಗುವವರು. ನಿಮಗೆ ಬಿಚ್ಚಿ ಹೋದರೇ ಸಮಾಧಾನ ಅಂದರೆ ಬಿಚ್ಚಿ ಹೋಗಿ, ಯಾರೂ ಬೇಡ ಅನ್ನುವುದಿಲ್ಲ. ಬಾಗಿಲ ಹತ್ತಿರ ಒಂದು ಚಿಕ್ಕ ಪಾತ್ರೆಯಲ್ಲಿ ನೀರು ಇರುತ್ತದೆ, ಅದು ಮಂತ್ರಿಸಿದ ತೀರ್ಥ. ನಾವು ಬೆರಳು ಅದ್ದಿ ಶಿಲುಬೆ ಗುರುತು ಹಾಕಿಕೊಳ್ಳುತ್ತೇವೆ. ನೀವು ಹಣೆಗೆ ಮುಟ್ಟಿಸಿಕೊಂಡರೆ ಆಯಿತು. ಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಪರಮಪ್ರಸಾದಕ್ಕೆ ಸಾಲು ಹೋಗುವಾಗ ಮಾತ್ರ ಹೋಗಬೇಡಿ, ಅದು ದೀಕ್ಷಾಸ್ನಾನ ಆದವರಿಗೆ. ಅದೊಂದು ಬಿಟ್ಟರೆ ನಿಮಗೆ ಇಲ್ಲ ಅನ್ನುವ ಜಾಗ ಯಾವುದೂ ಇಲ್ಲ.

ಈಗ ಮೂಲೆಗಳ ವಿಷಯ. ಜಾತ್ರೆಗೆ ಬಂದವರು ದೀಪಾಲಂಕಾರ ನೋಡುತ್ತಾರೆ, ದೊಡ್ಡ ಆಲ್ತಾರ್, ಅಂದರೆ ಪೂಜೆಯ ವೇದಿಕೆ ನೋಡುತ್ತಾರೆ. ಆದರೆ ಅತ್ತೂರನ್ನು ಅತ್ತೂರು ಮಾಡಿದ್ದು ಒಂದು ಪುಟ್ಟ ಮರದ ವಿಗ್ರಹ, ಸಂತ ಲಾರೆನ್ಸರದ್ದು. ಕೈಯಲ್ಲಿ ಎತ್ತಿಕೊಂಡು ನಡೆಯುವಷ್ಟು ಚಿಕ್ಕದು. ಕಥೆ ಹೀಗೆ: ಹೊಸ ಇಗರ್ಜಿ ಕಟ್ಟಲಿಕ್ಕೆ ಜಾಗ ಹುಡುಕುತ್ತ ನಮ್ಮ ಹಿರಿಯರು ವಿಗ್ರಹ ಎತ್ತಿಕೊಂಡು ನಕ್ರೆ ಕಡೆಯಿಂದ ಹೊರಟರಂತೆ. ಪರ್ಪಲೆ ಗುಡ್ಡದ ಬುಡದಲ್ಲಿ ಒಂದು ನೀರಿನ ಒರತೆ. ಬಾಯಾರಿಕೆ ಆಗಿ ವಿಗ್ರಹವನ್ನು ನೆಲಕ್ಕಿಟ್ಟು ನೀರು ಕುಡಿದರು. ಮತ್ತೆ ಎತ್ತಲಿಕ್ಕೆ ನೋಡಿದರೆ ಏಳಲಿಲ್ಲ. ಎಷ್ಟು ಜನ ಸೇರಿದರೂ ಇಲ್ಲ. ಕೊನೆಗೆ "ಇಲ್ಲೇ ನಿಮಗೆ ಇಗರ್ಜಿ ಕಟ್ಟುತ್ತೇವೆ" ಅಂತ ಹೇಳಿಕೊಂಡ ಮೇಲೆ ಹೂವಿನ ಹಾಗೆ ಎದ್ದು ಬಂತಂತೆ. ಆ ಒರತೆಯ ನೆನಪೇ ಈಗಿನ ಪುಷ್ಕರಿಣಿ. ಜಾತ್ರೆಯಲ್ಲಿ ಅದರ ಹತ್ತಿರ ಎರಡು ನಿಮಿಷ ನಿಲ್ಲಲಿಕ್ಕೂ ಬಿಡುವುದಿಲ್ಲ ಜನ. ನೀವು ಆರಾಮ ಕೂತು ನೋಡಬಹುದು. ಚಿಕ್ಕ ವಿಗ್ರಹ ಎಲ್ಲಿ ಅಂತ ಅಲ್ಲಿದ್ದವರನ್ನು ಕೇಳಿ, ತೋರಿಸುತ್ತಾರೆ.

ಇನ್ನೂ ಮೂರು ಸಂಗತಿ, ಇವು ಎಲ್ಲ ಹಳೇ ಇಗರ್ಜಿಗೂ ಹೊಂದುವಂಥದ್ದು. ಪರಮಪ್ರಸಾದದ ಪೆಟ್ಟಿಗೆಯ ಹತ್ತಿರ ಸದಾ ಉರಿಯುವ ಒಂದು ದೀಪ ಇರುತ್ತದೆ, ಹೆಚ್ಚಾಗಿ ಕೆಂಪು ಗಾಜಿನದ್ದು. ಎದುರಿಗೆ ಯಾರೂ ಇಲ್ಲದಾಗಲೂ ಅದು ಉರಿಯುತ್ತಿರಬೇಕು, ನಿಮ್ಮ ನಂದಾದೀಪದ ಹಾಗೆ. ಗೋಡೆಯುದ್ದಕ್ಕೂ ಶಿಲುಬೆ ಹಾದಿಯ 14 ದೃಶ್ಯ ಇರುತ್ತವೆ, ಒಂದನೆಯದರಿಂದ ಕ್ರಮವಾಗಿ ನಡೆಯುತ್ತ ಹೋದರೆ ಯೇಸುವಿನ ಕೊನೆಯ ದಿನದ ಕಥೆ ಪೂರ್ತಿ ಓದಿದ ಹಾಗೆ. ಮೂರನೆಯದು ಯಾರೂ ಗಮನಿಸದ್ದು: ಪ್ರತಿಷ್ಠೆಯಾದ ಇಗರ್ಜಿಯ ಒಳಗೋಡೆಯಲ್ಲಿ ನಾಲ್ಕು ಅಥವಾ ಹನ್ನೆರಡು ಕಡೆ ಬಿಷಪರು ಎಣ್ಣೆ ಹಚ್ಚಿ ಅಭ್ಯಂಜನ ಮಾಡುತ್ತಾರೆ. ಅಲ್ಲಲ್ಲಿ ಚಿಕ್ಕ ಶಿಲುಬೆ ಗುರುತು ಇಡುವ ಪದ್ಧತಿ ಉಂಟು.

ಮೇಣದಬತ್ತಿ ಎಲ್ಲಿ ಹೋಗುತ್ತದೆ ಅಂತ ಕೇಳಿದಿರಿ. ನಮ್ಮ ಊರಿನ ಇಗರ್ಜಿಯಲ್ಲಿ ನಾನೇ ಈ ಕೆಲಸ ಮಾಡಿದ್ದೇನೆ. ಎಲ್ಲವನ್ನೂ ಬುಡದವರೆಗೆ ಉರಿಸಲಿಕ್ಕೆ ಜಾಗ ಸಾಕಾಗುವುದಿಲ್ಲ. ಉಳಿದ ತುಂಡು, ಸ್ಟ್ಯಾಂಡಿಗೆ ಸುರಿದ ಮೇಣ ಎಲ್ಲ ಕೆರೆದು ಒಟ್ಟು ಮಾಡಿ, ಕರಗಿಸಿ, ಸೋಸಿ, ಮತ್ತೆ ಅಚ್ಚಿಗೆ ಹೊಯ್ಯುತ್ತಾರೆ. ಹೊಸ ಬತ್ತಿಯಲ್ಲಿ ಯಾರ ಹರಕೆಯ ಮೇಣ ಎಷ್ಟು ಅಂತ ಹೇಳಲಿಕ್ಕೆ ಬರುವುದಿಲ್ಲ.

ಡ್ರಾಯಿಂಗ್ ಮಾಷ್ಟ್ರು

ವಿಗ್ರಹ ಏಳದ ಕಥೆ ಕೇಳಿದ ಕೂಡಲೇ ಗೋಕರ್ಣ ನೆನಪಾಯಿತು. ಅಲ್ಲಿ ಗಣಪತಿ ಆತ್ಮಲಿಂಗವನ್ನು ನೆಲಕ್ಕಿಟ್ಟ, ರಾವಣ ಬಲ ಹಾಕಿ ಎಳೆದ, ಏಳಲೇ ಇಲ್ಲ. ಇಲ್ಲಿ ಬಲ ಬಿಟ್ಟು ಮಾತು ಕೊಟ್ಟ ಮೇಲೆ ಎದ್ದಿತು. ನಮ್ಮ ಕರಾವಳಿಯ ನೆಲಕ್ಕೆ ದೇವರನ್ನು ಹಿಡಿದು ನಿಲ್ಲಿಸುವ ಗುಣವೇ ಉಂಟೋ ಏನೋ. ತುಳುವರು ಅತ್ತೂರಿಗೆ ಇಷ್ಟು ಸಲೀಸಾಗಿ ಹರಕೆ ಹೊರುವುದರ ಹಿಂದೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಕಥೆ ಅವರಿಗೆ ಪರಕೀಯ ಅಲ್ಲವೇ ಅಲ್ಲ.

ಹಳೇ ಕಂಡಕ್ಟರ್

ಬಾಯಮ್ಮ, ದೊಡ್ಡ ಉಪಕಾರ ಆಯಿತು. ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡೆ. ಇನ್ನೊಂದು ಪ್ರಶ್ನೆ. ನಾವು ಯಾವಾಗಲೂ ಅತ್ತೂರು ಇಗರ್ಜಿ, ಜಾತ್ರೆಗೆ ಸಾಂತ್‌ಮಾರಿ ಅಂತಲೇ ಹೇಳಿದ್ದು. ಈಗ ಬೋರ್ಡಿನಲ್ಲಿ, ಪೇಪರಿನಲ್ಲಿ ಎಲ್ಲ "ಬೆಸಿಲಿಕಾ" ಅಂತ ಬರುತ್ತದಲ್ಲ, ಅದೆಂತ?

ಬೆಳ್ಮಣ್ಣಿನ ಬಾಯಿ

ಅದು ರೋಮಿನ ಪೋಪರು ಕೊಡುವ ಗೌರವ. ಹಿರಿಯ ಬೆಸಿಲಿಕಾ ಅಂತ ನಾಲ್ಕೇ, ನಾಲ್ಕೂ ರೋಮಿನಲ್ಲಿ. ಉಳಿದದ್ದೆಲ್ಲ ಕಿರಿಯ ಬೆಸಿಲಿಕಾ. ಅತ್ತೂರಿಗೆ ಆ ಪಟ್ಟ ಬಂದದ್ದು 2016ರಲ್ಲಿ, ಆ ವರ್ಷ ಆಗಸ್ಟ್ 1ಕ್ಕೆ ದೊಡ್ಡ ಸಮಾರಂಭ ಆಯಿತು. ಕರ್ನಾಟಕದಲ್ಲಿ ಅದಕ್ಕಿಂತ ಮೊದಲು ಇದ್ದದ್ದು ಬೆಂಗಳೂರು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಒಂದೇ. ನೀವು ಕೆಲಸ ಬಿಟ್ಟ ಎರಡು ವರ್ಷಕ್ಕೆ ಆದದ್ದು, ಹಾಗಾಗಿ ನಿಮ್ಮ ಬಾಯಿಗೆ ಆ ಹೆಸರು ಬಂದಿಲ್ಲ. ನಮ್ಮ ಮನೆಯಲ್ಲೂ ಈಗಲೂ ಅತ್ತೂರು ಇಗರ್ಜಿಯೇ.

ಬೆಸಿಲಿಕಾಕ್ಕೆ ಕೆಲವು ಗುರುತುಗಳುಂಟು. ಒಂದು, ಹಳದಿ-ಕೆಂಪು ಪಟ್ಟಿಯ ರೇಷ್ಮೆ ಕೊಡೆ, ಪೂರ್ತಿ ಬಿಚ್ಚದೆ ಅರ್ಧ ಮಾತ್ರ ತೆರೆದು ಇಟ್ಟಿರುತ್ತಾರೆ. ಪೋಪರು ಬಂದರೆ ಬಿಚ್ಚಲಿಕ್ಕೆ ತಯಾರು ಅಂತ ಅರ್ಥ. ಇನ್ನೊಂದು, ಕೋಲಿಗೆ ಕಟ್ಟಿದ ಚಿಕ್ಕ ಗಂಟೆ. ಮತ್ತೊಂದು, ಅಡ್ಡ ಇಟ್ಟ ಎರಡು ಬೀಗದ ಕೈಗಳ ಚಿಹ್ನೆ. ನಿಮ್ಮ ಚೀಟಿಗೆ ಇದನ್ನೂ ಸೇರಿಸಿ.

ಅಡುಗೆ ಕಂಟ್ರಾಕ್ಟ್

ನಾನು ಉಡುಪಿಯಲ್ಲಿ ಮದುವೆ, ಉಪನಯನದ ಅಡುಗೆ ವಹಿಸಿಕೊಳ್ಳುವವನು. ನಮ್ಮ ಸೆಟ್ಟಿನಲ್ಲಿ ಪಾತ್ರೆ ಸಾಗಿಸುವ ಟೆಂಪೋ ಒಬ್ಬರು ಪೊರ್ಬುಗಳದ್ದು, ಅಂದರೆ ಕ್ರಿಶ್ಚನರದ್ದು. ಅವರು ಒಂದು ದಿನ "ಭಟ್ರೇ, ಅತ್ತೂರಿನ ಸಂತ ನಿಮ್ಮ ಕಸುಬಿನವರಿಗೇ ಆದವರು" ಅಂದರು. ಲಾರೆನ್ಸರು ಅಡುಗೆಯವರ ಪಾಲಕ ಸಂತ ಅಂತ ನನಗೆ ಗೊತ್ತಾದದ್ದು ಹಾಗೆ. ಕಾರಣ ಕೇಳಿ ಆ ದಿನ ಒಲೆ ಹಚ್ಚುವಾಗ ಕೈ ತಡೆಯಿತು.

ಲಾರೆನ್ಸರು ರೋಮಿನಲ್ಲಿ ಡೀಕನ್, ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನವರು. ಚರ್ಚಿನ ಹಣ ನೋಡಿಕೊಳ್ಳುವುದು, ಬಡವರಿಗೆ ಹಂಚುವುದು ಅವರ ಕೆಲಸ. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಆಜ್ಞೆಯಂತೆ ಪೋಪರನ್ನು ಕೊಂದ ಮೇಲೆ ಅಧಿಕಾರಿ ಇವರನ್ನು ಕರೆದು ಚರ್ಚಿನ ಸಂಪತ್ತು ತಂದೊಪ್ಪಿಸು ಅಂದನಂತೆ. ಮೂರು ದಿನ ಅವಕಾಶ ಕೇಳಿದರು. ಇದ್ದದ್ದನ್ನೆಲ್ಲ ಹಂಚಿಬಿಟ್ಟರು. ಮೂರನೇ ದಿನ ಕುಂಟರು, ಕುರುಡರು, ವಿಧವೆಯರು ಎಲ್ಲರನ್ನೂ ಕರೆದುಕೊಂಡು ಹೋಗಿ ಇವರೇ ನಮ್ಮ ಸಂಪತ್ತು ಅಂದರು. ಆಗಸ್ಟ್ 10ಕ್ಕೆ ಅವರನ್ನು ಕಬ್ಬಿಣದ ಸರಳಿನ ಮೇಲೆ ಮಲಗಿಸಿ ಕೆಳಗೆ ಬೆಂಕಿ ಹಾಕಿ ಕೊಂದರು ಅಂತ ಪರಂಪರೆ ಹೇಳುತ್ತದೆ. ನಾವು ಹಪ್ಪಳ ಸುಡಲಿಕ್ಕೆ ಕೆಂಡದ ಮೇಲೆ ಇಡುವ ಜಾಳಿಗೆ ಉಂಟಲ್ಲ, ಹಾಗೆಯೇ, ಮನುಷ್ಯನ ಅಳತೆಯದ್ದು. ಅವರ ಚಿತ್ರ, ವಿಗ್ರಹ ಎಲ್ಲೇ ನೋಡಿ, ಜೊತೆಯಲ್ಲಿ ಆ ಜಾಳಿಗೆ ಇರುತ್ತದೆ. ಅದರಿಂದಲೇ ಗುರುತು ಹಿಡಿಯುವುದು. ಕಂಡಕ್ಟ್ರೇ, ನೀವು ಹೋದಾಗ ಅದನ್ನು ನೋಡಿ ಬನ್ನಿ. ನಾನು ವರ್ಷಕ್ಕೊಮ್ಮೆ ಹೋಗುತ್ತೇನೆ. ಊಟಕ್ಕೆ ಬಂದ ಬಡವ ಬಾಳೆ ಎಲೆ ಮುಂದೆ ಕಾಯುವ ಹಾಗೆ ಆಗಬಾರದು ಅಂತ, ಅಷ್ಟೇ ಕೇಳಿಕೊಳ್ಳುವುದು.

ರಾತ್ರಿ ಪಾಳಿ

ನಾ ಗದಗಿನಾಕಿ, ಆರು ವರ್ಷ ಆತು ಈ ಕಡೆ ಬಂದು. ಸುಟ್ಟಗಾಯದ ವಾರ್ಡಿನಾಗ ನರ್ಸ್ ಅದೀನಿ. ನಮ್ಮ ವಾರ್ಡಿಗೆ ಬರೂ ಸಣ್ಣ ಹುಡುಗೂರು ಭಾಳ ಮಂದಿ ಹಂಡೇದ ಬಿಸಿನೀರು ಬಿದ್ದಾವ್ರು. ಒಂದ್ ಮಗುವಿನ ಅವ್ವ "ಅತ್ತೂರಿಗೆ ಹೊಂಟೇನ್ರಿ, ಬೆಂಕಿಯಿಂದ ಕಾಯೂ ಸಂತ ಅದಾನ" ಅಂತ ಹೇಳಿ ನನ್ನೂ ಕರಕೊಂಡು ಹೋದ್ಳು. ಸುಟ್ಟಗಾಯಕ್ಕ, ಬೆಂಕಿ ಅಪಘಾತಕ್ಕ ಲಾರೆನ್ಸರನ್ನ ನೆನೀತಾರ, ಅಗ್ನಿಶಾಮಕದವ್ರೂ ನೆನೀತಾರ. ಮಗು ಆರಾಮಾಗಿತ್ತು. ಅಲ್ಲೆ ಬೆಂಚಿನ ಮ್ಯಾಲೆ ಓಡ್ಯಾಡಾಕತ್ತಿತ್ತು.

ಕಂಡಕ್ಟರ್ ಕಾಕಾ, ಮೇಣ ಹಚ್ಚೂ ಮುಂದ ಹುಷಾರ್ರಿ. ಕೈಮ್ಯಾಲೆ ಬಿಸಿ ಮೇಣ ಬಿತ್ತಂದ್ರ ಹರಿಯೂ ತಣ್ಣೀರಿನ ಕೆಳಗ 20 ನಿಮಿಷ ಹಿಡೀರಿ. ಟೂತ್‌ಪೇಸ್ಟು, ಶಾಯಿ, ಅರಿಶಿಣ ಏನೂ ಹಚ್ಚಬ್ಯಾಡ್ರಿ. ಇದನ್ನ ಎಷ್ಟ್ ಸಲ ಹೇಳಿದ್ರೂ ಕಡಿಮೀನ.

ಇನ್ನೊಂದು ಹೇಳತೀನಿ. ಆಗಸ್ಟ್ 10ರ ಆಜೂಬಾಜೂ ಆಕಾಶದಾಗ ಉಲ್ಕೆ ಭಾಳ ಬೀಳ್ತಾವ. ಯುರೋಪಿನಾಗ ಅವನ್ನ ಲಾರೆನ್ಸರ ಕಣ್ಣೀರು ಅಂತಾರ. ನಮ್ಮೂರಾಗ ಮಾಳಿಗಿ ಮ್ಯಾಲೆ ಮಲಕೊಂಡು ನೋಡೀನಿ, ಆವಾಗ ಹೆಸರು ಗೊತ್ತಿರಲಿಲ್ಲ. ಇಲ್ಲಿ ಆಗಸ್ಟಿನಾಗ ಒಂದ್ ಚುಕ್ಕೀನೂ ಕಾಣಂಗಿಲ್ಲ, ಬರೇ ಮಳಿ.

ಬೆಳ್ಮಣ್ಣಿನ ಬಾಯಿ

ಲಾರೆನ್ಸರ ಕಣ್ಣೀರು ಅನ್ನುವುದು ನಾನು ಇವತ್ತು ಕಲಿತೆ. ಅವರ ಹಬ್ಬ ಆಗಸ್ಟ್ 10, ಆದರೆ ನಮ್ಮಲ್ಲಿ ಜಾತ್ರೆ ಜನವರಿಯಲ್ಲಿ. ಹಾಗಾಗಿ ಆಗಸ್ಟಿನಲ್ಲಿ ಆಕಾಶ ನೋಡುವ ಯೋಚನೆಯೇ ಯಾರಿಗೂ ಬಂದಿಲ್ಲ. ಆ ಮಗು ಚೆನ್ನಾಗಿರಲಿ ಮಗಳೇ.

ಮುರಕಲ್ಲು

ನಾನು ಹಳೇ ಮನೆ, ಹಳೇ ಇಗರ್ಜಿ ರಿಪೇರಿ ಕೆಲಸ ಮಾಡಿಸುವವನು. ಕಟ್ಟಡದ ಕಡೆಯಿಂದ ನಾಲ್ಕು ಮಾತು. ಅತ್ತೂರು ಇಗರ್ಜಿ ಸ್ಥಾಪನೆ ಆದದ್ದು 1759ರಲ್ಲಿ. ಆಗ ಇದ್ದದ್ದು ಮುಳಿಹುಲ್ಲಿನ ಮಾಡು. ನಮ್ಮ ಊರಿನಲ್ಲಿ ಹಂಚು ಅಂತ ನಾವು ಇವತ್ತು ಹೇಳುವುದು ಬಂದದ್ದು ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಕಾರ್ಖಾನೆ ಹಾಕಿದ ಮೇಲೆ. ಈಗ ಕಾಣುವ ಅತ್ತೂರು ಇಗರ್ಜಿ 1900ರ ಆಸುಪಾಸಿನದ್ದು, ಆಮೇಲೆ ಬೇಕಾದಷ್ಟು ವಿಸ್ತರಣೆ, ನವೀಕರಣ ಆಗಿದೆ. ಹಾಗಾಗಿ "ಇದು 260 ವರ್ಷ ಹಳೆಯ ಗೋಡೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಳೇ ಇಗರ್ಜಿಗಳ ಗೋಡೆ ಮುರಕಲ್ಲಿನದ್ದು. ನೆಲದಿಂದ ಕಡಿಯುವಾಗ ಮೆತ್ತಗೆ, ಕೊಡಲಿಯಲ್ಲೇ ಕೆತ್ತಬಹುದು. ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ ಆಗುತ್ತ ಹೋಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1801ರಲ್ಲಿ ಕಾರ್ಕಳದ ಮೂಲಕವೇ ಹಾದು ಹೋದವನು. ಮಲಬಾರಿನಲ್ಲಿ ನೋಡಿದ ಇದೇ ಕಲ್ಲಿಗೆ ಅವನು "ಲ್ಯಾಟರೈಟ್" ಅಂತ ಹೆಸರಿಟ್ಟ, ಲ್ಯಾಟಿನ್‌ನಲ್ಲಿ ಇಟ್ಟಿಗೆ ಅನ್ನುವ ಶಬ್ದದಿಂದ. ಮುರಕಲ್ಲಿಗೆ ಸಿಮೆಂಟ್ ಪ್ಲಾಸ್ಟರ್ ಹೊಡೆದರೆ ಒಳಗಿನ ನೀರಿನ ಪಸೆ ಹೊರಗೆ ಬರಲಾರದೆ ಗೋಡೆ ಒಳಗಿಂದ ಹಾಳಾಗುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ. ಇದನ್ನು ಕಮಿಟಿಯವರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು. ಯಾವ ಹಳೇ ಇಗರ್ಜಿಗೆ ಹೋದರೂ ಹಿಂಬದಿಗೆ, ಪಾದ್ರಿಗಳು ಉಡುಪು ತೊಡುವ ಕೋಣೆಯ ಹೊರಗೋಡೆಯ ಕಡೆಗೆ ಒಂದು ಸುತ್ತು ಹೋಗಿ. ಮುಂದಿನ ಗೋಡೆಗೆ ಹತ್ತು ಸಲ ಬಣ್ಣ ಆಗಿರುತ್ತದೆ. ಹಿಂದೆ ಎಲ್ಲೋ ಒಂದು ಕಡೆ ಬರೀ ಕಲ್ಲು ಕಾಣಲಿಕ್ಕೆ ಸಿಗಬಹುದು.

ನಿಟ್ಟೆ ರೋಡ್

1759 ಅಂತೀರಿ, ಅಷ್ಟು ಹಳೆಯದ್ದು ಒಂದು ಕಲ್ಲೂ ಯಾಕೆ ಉಳಿದಿಲ್ಲ? ಹುಲ್ಲಿನ ಮಾಡು ಅಂತಲಾ?

ಬೆಳ್ಮಣ್ಣಿನ ಬಾಯಿ

ಅದು ಮಾತ್ರ ಕಾರಣ ಅಲ್ಲ ಮಗ. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪುವಿನ ಸೈನ್ಯ ಕೆನರಾದ ಕ್ರಿಶ್ಚನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಯಿತು. ಯುದ್ಧದಲ್ಲಿ ಇಂಗ್ಲಿಷರಿಗೆ ಸಹಾಯ ಮಾಡಿದರು ಅನ್ನುವುದು ಆಪಾದನೆ. ಹೋದವರು ಎಷ್ಟು ಅನ್ನುವುದರಲ್ಲಿ ಭಿನ್ನಾಭಿಪ್ರಾಯ ಇದ್ದರೂ 60,000ದ ಆಸುಪಾಸು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇಗರ್ಜಿಗಳನ್ನು ಕೆಡವಿದರು, ಅತ್ತೂರಿನದ್ದೂ ಹೋಯಿತು. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ತಿರುಗಿ ಬಂದರು. ದಾರಿಯಲ್ಲಿ, ಸೆರೆಯಲ್ಲಿ ಎಷ್ಟೋ ಜನ ಸತ್ತಿದ್ದರು. ಬಂದವರು ಮೊದಲು ಗದ್ದೆ ಬಿಡಿಸಿಕೊಳ್ಳಬೇಕು, ಮನೆ ಕಟ್ಟಬೇಕು. ಇಗರ್ಜಿ ಮತ್ತೆ ಹುಲ್ಲಿನ ಮಾಡಿನಿಂದಲೇ ಶುರು. ನೀವು ನೋಡುವ ಹೆಚ್ಚಿನ ಹಳೇ ಇಗರ್ಜಿಗಳ ಬೋರ್ಡಿನಲ್ಲಿ ಸ್ಥಾಪನೆಯ ವರ್ಷ ಒಂದು, ಕಟ್ಟಡದ ವರ್ಷ ಇನ್ನೊಂದು ಇರುವುದು ಇದಕ್ಕೇ. ಮಂಗಳೂರಿನ ಮಿಲಾಗ್ರಿಸ್ 1680ರದ್ದು, ಈಗಿನ ಕಟ್ಟಡ 1911ರದ್ದು.

ಕೋಟೆ ಬಾಗಿಲು

ಟಿಪ್ಪುವಿನ ವಿಷಯದಲ್ಲಿ ಇನ್ನೊಂದು ಮುಖವೂ ಉಂಟು, ಅದನ್ನೂ ಚರ್ಚೆ ಮಾಡಬೇಕು.

ಬೆಳ್ಮಣ್ಣಿನ ಬಾಯಿ

ಅದಕ್ಕೆ ಬೇರೆ ಚರ್ಚೆ ತೆಗೆಯಿರಿ, ನಾನೂ ಬರುತ್ತೇನೆ. ಇಲ್ಲಿ ಕೇಳಿದ್ದು ಗೋಡೆಯ ವಯಸ್ಸು, ಹೇಳಿದ್ದೂ ಅಷ್ಟೇ. ಕಂಡಕ್ಟರಣ್ಣನ ಯಾತ್ರೆ ಹಾಳು ಮಾಡುವುದು ಬೇಡ.

ಡ್ರಾಯಿಂಗ್ ಮಾಷ್ಟ್ರು

ಒಪ್ಪಿದೆ. ಕಂಡಕ್ಟ್ರೇ, ಅತ್ತೂರು ಆದ ಮೇಲೆ ಮಂಡಿ ಕೇಳಿದರೆ ಇನ್ನೊಂದು ದಿನ ಮಂಗಳೂರಿಗೂ ಬನ್ನಿ. ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್ಲಿಗೆ ಮಕ್ಕಳನ್ನು ಪ್ರತಿ ವರ್ಷ ಕರೆದುಕೊಂಡು ಹೋಗುತ್ತೇನೆ. ಆಂಟೋನಿಯೊ ಮೊಸ್ಕೇನಿ ಅಂತ ಇಟಲಿಯ ಬೆರ್ಗಮೊ ಕಡೆಯ ಜೆಸ್ವಿಟ್ ಬ್ರದರ್, 1898ರಲ್ಲಿ ಇಲ್ಲಿಗೆ ಬಂದು ಗೋಡೆ, ಮಾಡು ಎಲ್ಲ ಚಿತ್ರದಿಂದ ತುಂಬಿಸಿದವರು. ಗೋಡೆಯದ್ದು ಫ್ರೆಸ್ಕೊ. ಹಸಿ ಸುಣ್ಣದ ಗಾರೆ ಹಚ್ಚಿ ಅದು ಒಣಗುವ ಮೊದಲೇ ಬಣ್ಣ ಹಾಕಬೇಕು. ಗಾರೆ ಒಣಗಿತೋ, ಕೆರೆದು ತೆಗೆದು ಹೊಸದಾಗಿ ಹಚ್ಚಬೇಕು. ಒಂದು ದಿನಕ್ಕೆ ಎಷ್ಟು ಬಿಡಿಸಲು ಆಗುತ್ತದೋ ಅಷ್ಟೇ ಗಾರೆ. ಹೂಮಾಲೆಗಳನ್ನು ನೋಡಿ ಮಕ್ಕಳು ಕೆತ್ತನೆ ಅಂತಲೇ ವಾದ ಮಾಡುತ್ತಾರೆ. ಬದಿಗೆ ಬಂದು ನಿಂತು ನೋಡಿದಾಗ ಮಾತ್ರ ಬರೀ ಬಣ್ಣ ಅಂತ ಒಪ್ಪುತ್ತಾರೆ. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಊರಿಗೆ ವಾಪಸ್ ಹೋಗಲೇ ಇಲ್ಲ.

ಅಲ್ಲಿಂದ ರೊಜಾರಿಯೊ ಕೆಥೆಡ್ರಲ್ ದೂರವೇನಿಲ್ಲ. ಪೋರ್ಚುಗೀಸರು 1568ರಲ್ಲಿ ಕಟ್ಟಿದ ಇಗರ್ಜಿಯ ಜಾಗ. ಪೋರ್ಚುಗಲ್ ರಾಜಲಾಂಛನ ಕೆತ್ತಿದ ಕಲ್ಲು ಈಗಲೂ ಅಲ್ಲುಂಟು. ಗುಮ್ಮಟ ನೋಡಿ ಫೋಟೊ ತೆಗೆದು ಹೋಗುವವರು ಆ ಕಲ್ಲನ್ನು ನೋಡುವುದಿಲ್ಲ.

ಹಳೇ ಕಂಡಕ್ಟರ್

ಮೊನ್ನೆ ಮಂಗಳವಾರ ಹೋಗಿ ಬಂದೆ. ಎಲ್ಲರಿಗೂ ಹೇಳಬೇಕು ಅಂತ ಕೂತಿದ್ದೇನೆ. ಟೈಪ್ ಮಾಡಿಕೊಡುತ್ತಿರುವುದು ಮೊಮ್ಮಗಳು.

ರಿಕ್ಷಾದಲ್ಲಿ ಇಳಿದ ಕೂಡಲೇ ಮೊದಲು ಆಶ್ಚರ್ಯ ಆದದ್ದು ಅಂಗಳ. ನಾನು ಅಲ್ಲಿ ನೆಲವನ್ನೇ ನೋಡಿದವನಲ್ಲ. ನನ್ನ ಲೆಕ್ಕದಲ್ಲಿ ಅತ್ತೂರು ಅಂದರೆ ತಲೆಗಳು, ಬಳೆ ಅಂಗಡಿ, ಚರುಮುರಿ ಗಾಡಿ, ಧೂಳು. ಮಂಗಳವಾರ ಮಧ್ಯಾಹ್ನ ಒಂದು ನಾಯಿ ಅಂಗಳದ ನಡುವೆ ಮಲಗಿತ್ತು. ಬಸ್ಸು ತಿರುಗಿಸುತ್ತಿದ್ದದ್ದು ಯಾವ ಕಡೆ ಅಂತ ನನಗೇ ಗುರುತು ಸಿಗಲಿಲ್ಲ.

ಚಪ್ಪಲಿ ಬಿಚ್ಚಿಯೇ ಹೋದೆ. ಬಾಗಿಲಿನ ತೀರ್ಥ ಹಣೆಗೆ ಹಚ್ಚಿಕೊಂಡೆ. ಒಳಗೆ ಮೂರೇ ಜನ. ಹಿಂದಿನ ಬೆಂಚಿನಲ್ಲಿ ಕೂತೆ. ಎದುರಿನ ಬೆಂಚಿನ ಬೆನ್ನಿನ ಮೇಲೆ, ಮೊಣಕಾಲೂರಿದವರು ಕೈ ಇಡುವ ಜಾಗದಲ್ಲಿ, ಮರದ ಬಣ್ಣ ಹೋಗಿ ನುಣುಪಾಗಿತ್ತು. ನಮ್ಮ ಬಸ್ಸಿನ ಬಾಗಿಲ ಕಂಬಿ ಹಾಗೆಯೇ ಸವೆದಿರುತ್ತಿತ್ತು. ಅದರ ಮೇಲೆ ಕೈ ಇಟ್ಟು ತುಂಬ ಹೊತ್ತು ಸುಮ್ಮನೆ ಇದ್ದೆ. ಬಾಯಮ್ಮ ಹೇಳಿದ ದೀಪ ಕಂಡೆ. 14 ದೃಶ್ಯಗಳನ್ನು ಒಂದೊಂದಾಗಿ ನೋಡುತ್ತ ನಡೆದೆ. ಆರನೆಯದರಲ್ಲಿ ಒಬ್ಬಳು ಹೆಂಗಸು ಬಟ್ಟೆಯಿಂದ ಯೇಸುವಿನ ಮುಖ ಒರೆಸುತ್ತಾಳೆ, ಅಲ್ಲಿಂದ ಕಾಲು ಮುಂದೆ ಬರಲಿಲ್ಲ. ಭಟ್ರೇ, ಜಾಳಿಗೆ ನೋಡಿದೆ. ನೀವು ಹೇಳಿದ ಮೇಲೆ ಅದನ್ನು ಬಿಟ್ಟು ಬೇರೆ ನೋಡಲಿಕ್ಕೇ ಆಗಲಿಲ್ಲ.

ಚಿಕ್ಕ ವಿಗ್ರಹ ಎಲ್ಲಿ ಅಂತ ಒಬ್ಬರನ್ನು ಕೇಳಿದೆ, ಕರೆದುಕೊಂಡು ಹೋಗಿ ತೋರಿಸಿದರು. ಅಷ್ಟೇ ಅಷ್ಟು. ಟಿಕೆಟ್ ಚೀಲದಲ್ಲಿ ಹಿಡಿಯುವಷ್ಟು ಅಂತ ಮನಸ್ಸಿಗೆ ಬಂತು. ಇದರ ಹೆಸರಿನಲ್ಲಿ ನಾನು 26 ವರ್ಷ ಕೂಗಿದೆ.

ಪುಷ್ಕರಿಣಿ ಹತ್ತಿರ ಅರ್ಧ ಗಂಟೆ ಕೂತೆ. ಒಂದು ಕುಟುಂಬ ಬಂದು ನೀರು ಕಣ್ಣಿಗೆ ಒತ್ತಿಕೊಂಡು ಒಂದು ಬಾಟಲಿಯಲ್ಲಿ ತುಂಬಿಸಿಕೊಂಡು ಹೋಯಿತು. ಆಮೇಲೆ ಯಾರೂ ಇಲ್ಲ.

ಇನ್ನು ಮೇಣದಬತ್ತಿ. ಬತ್ತಿ ಹಚ್ಚುವ ಜಾಗದಲ್ಲಿ ಒಬ್ಬರು ವಯಸ್ಸಾದ ಹೆಂಗಸು ಸ್ಟ್ಯಾಂಡಿಗೆ ಸುರಿದ ಮೇಣವನ್ನು ಒಂದು ಹಳೇ ಸಟ್ಟುಗದಲ್ಲಿ ಕೆರೆದು ಕೆರೆದು ಎಣ್ಣೆ ಡಬ್ಬಕ್ಕೆ ಹಾಕುತ್ತಿದ್ದರು. ಬಿಳಿ, ಹಳದಿ, ನಡುನಡುವೆ ಕಪ್ಪು ಬತ್ತಿಯ ತುಂಡು. ನಾನು ನಿಂತು ನೋಡಿದೆ. "ಕರಗಿಸ್ಲಿಕ್ಕೆ" ಅಂದರು, ನಾನು ಕೇಳುವ ಮೊದಲೇ. ನಾನೂ ಒಂದು ಬದಿ ಕೆರೆದುಕೊಟ್ಟೆ. ಬಾನೆಟ್ ಹಿಂದೆ ಅಂಟಿದ್ದ ಆ ಎರಡು ಬತ್ತಿಯನ್ನು ನಾನು ಅವತ್ತು ರಾತ್ರಿ ಕಸಕ್ಕೆ ಹಾಕಿದ್ದೆ. ಕೊಟ್ಟಿದ್ದರೆ ಈ ಡಬ್ಬಕ್ಕೆ ಬೀಳುತ್ತಿತ್ತು. ಆಗ ನನಗೆ ಗೊತ್ತಿರಲಿಲ್ಲ.

ಮೊಣಕೈ ಉದ್ದದ್ದೇ ಎರಡು ತೆಗೆದುಕೊಂಡು ಹೋಗಿದ್ದೆ. ಹಚ್ಚಿದೆ. ಆ ಅಮ್ಮನ ಹೆಸರು ಗೊತ್ತಿಲ್ಲ, ಮಗನ ಹೆಸರೂ ಗೊತ್ತಿಲ್ಲ. ನಾವು ಕಂಡಕ್ಟರುಗಳು ಜನರನ್ನು ಸ್ಟಾಪಿನ ಮೇಲೆ ನೆನಪಿಡುವುದು. ಹಾಗಾಗಿ ಮುನಿಯಾಲು ಸ್ಟಾಪಿನ ಅಮ್ಮ, ಎಡಗಾಲು ಎಳೆದು ನಡೆಯುವ ಹುಡುಗ, ತಡ ಆದದ್ದು ನನ್ನಿಂದ ಅಂತ ಹೇಳಿದೆ.

ಮುರಕಲ್ಲು

ಹಿಂಬದಿಗೆ ಹೋದಿರಾ?

ಹಳೇ ಕಂಡಕ್ಟರ್

ಹೋಗಲಿಲ್ಲ. ಮಂಡಿ ಬಿಡಲಿಲ್ಲ. ಅದು ಮತ್ತು ಎಣ್ಣೆ ಹಚ್ಚಿದ ಗುರುತು, ಎರಡೂ ಚೀಟಿಯಲ್ಲಿ ಹಾಗೆಯೇ ಉಂಟು.

ಅಜೆಕಾರಿನವ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಕಂಡಕ್ಟ್ರೇ, ಮುನಿಯಾಲು ಸ್ಟಾಪಿನ ಎದುರಿಗೆ ಒಂದು ಹಳೇ ಜಿನಸಿನ ಅಂಗಡಿ ಉಂಟಲ್ಲ, ಅವರಿಗೆ ಆ ಕಡೆಯವರೆಲ್ಲ ಗೊತ್ತು. 2009ರಲ್ಲಿ ಹುಡುಗ ಆಗಿದ್ದವನು, ಎಡಗಾಲು ಅಂತ ಹೇಳಿದರೆ ಸಿಗಬಹುದು. ನಾನು ಶನಿವಾರ ಆ ದಾರಿಯಲ್ಲಿ ಹೋಗುವವನಿದ್ದೇನೆ, ಕೇಳಿ ನೋಡಲಾ?

ಹಳೇ ಕಂಡಕ್ಟರ್

ಕೇಳಬೇಡಿ. ನಾನೇ ಬರುತ್ತೇನೆ, ಬೆಳಗ್ಗಿನ ಮೊದಲ ಬಸ್ಸಿಗೆ. ನೀವು ಎಷ್ಟು ಗಂಟೆಗೆ ಅಲ್ಲಿರುತ್ತೀರಿ ಹೇಳಿ.